ಐಗುಪ್ತದಲ್ಲಿರುವ ಗೆಳೆಯನಿಗೆ

ಲೋ ಕ್ಯಾಪ್ಟನ್,

ಕೈರೋದಿಂದ ನೀನು ಕಳಿಸಿದ ವಾಯ್ಸ್ ಮೆಸೇಜನ್ನು ಮೂರು ಸಲ ಕೇಳಿದೆ. ಟ್ಯಾಕ್ಸಿಯವನು ದಾರಿಯುದ್ದಕ್ಕೂ "ಮಸ್ರ್, ಮಸ್ರ್" ಅನ್ನುತ್ತಿದ್ದ, ಅದು ದೇಶವೋ ಊರೋ ತಿಳಿಯಲಿಲ್ಲ ಅಂದೆಯಲ್ಲ, ಎರಡೂ ಹೌದು ಕಣೋ. ಅವರಿಗೆ ದೇಶವೂ ಮಸ್ರ್, ಕೈರೋನೂ ಮಸ್ರ್. ಅವರು ಮಸ್ರಿಗಳು. ಈಜಿಪ್ಷಿಯನ್ ಅನ್ನೋದು ಹೊರಗಿನವರು ಇಟ್ಟ ಹೆಸರು. ಉತ್ತರದ ಕಡೆ ಊಟ ಆದ ಮೇಲೆ ಸೋಂಪಿನ ಜೊತೆ ಕೊಡುವ ಮಿಶ್ರಿ ಇದೆಯಲ್ಲ, ಆ ಕಲ್ಲುಸಕ್ಕರೆಗೂ ಹೆಸರು ಬಂದಿದ್ದು ಇದೇ ಮಸ್ರ್‌ನ ಇನ್ನೊಂದು ರೂಪವಾದ ಮಿಸ್ರ್‌ನಿಂದ.

ಇದನ್ನು ನಿನಗೊಬ್ಬನಿಗೇ ಬರೆಯಬಹುದಿತ್ತು. ಆದರೆ ನಮ್ಮ ಶಾಲೆಯವರು ನಾಲ್ಕೈದು ಜನ ಇಲ್ಲಿದ್ದಾರೆ, ಅವರೂ ಓದಲಿ ಅಂತ ಎಲ್ಲರೆದುರು ಬರೆಯುತ್ತಿದ್ದೇನೆ. ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ.

ಬೆಟಗೇರಿಯ ನಿಮ್ಮ ಮನೆಯಲ್ಲಿ ಅಜ್ಜಿ ರಾತ್ರಿ ಬೈಬಲ್ ಓದುತ್ತಿದ್ದರು, ನೆನಪಿದೆಯಾ? ಅದರಲ್ಲಿ "ಐಗುಪ್ತ" ಅಂತ ಬಂದಾಗಲೆಲ್ಲ ನನಗೆ ಚಂದ್ರಗುಪ್ತ, ಸಮುದ್ರಗುಪ್ತರ ಸಾಲಿನ ಇನ್ನೊಬ್ಬ ರಾಜ ಕಾಣುತ್ತಿದ್ದ. ಒಂದಿನ ಕೇಳಿಯೇಬಿಟ್ಟೆ. ಅಜ್ಜಿ ಕನ್ನಡಕ ತೆಗೆದು, ಆ ಪದದ ಮೇಲೆ ಬೆರಳಿಟ್ಟು, "ದೇಶ ಅದು, ಬಾಳ ದೂರದ್ದು" ಅಂದರು. ಗ್ರೀಕರು ಕರೆಯುತ್ತಿದ್ದ ಹೆಸರು ಐಗುಪ್ತೋಸ್. ಅದು ನಮ್ಮ ಕನ್ನಡ ಬೈಬಲ್ಲಿನಲ್ಲಿ ಹೆಚ್ಚುಕಡಿಮೆ ಹಾಗೇ ಉಳಿದಿದೆ. ಈಜಿಪ್ಟ್ ಅನ್ನೋದಕ್ಕಿಂತ ಐಗುಪ್ತವೇ ಮೂಲಕ್ಕೆ ಹತ್ತಿರ!

ಆ ಗ್ರೀಕ್ ಹೆಸರಿನ ಬೇರು ಒಂದು ಗುಡಿಯಲ್ಲಿದೆ. ಮೆಂಫಿಸ್ ಊರಿನಲ್ಲಿ ಪ್ತಾಹ್ ಅನ್ನುವ ದೇವರ ಗುಡಿ ಇತ್ತು. ಹುತ್-ಕಾ-ಪ್ತಾಹ್, ಅಂದರೆ ಪ್ತಾಹನ ಆತ್ಮ ಇರುವ ಮನೆ. ಆ ಗುಡಿಯ ಹೆಸರು ಪರದೇಶದವರ ಬಾಯಲ್ಲಿ ಸವೆದು ಇಡೀ ದೇಶಕ್ಕೇ ಅಂಟಿಕೊಂಡಿತು. ನಿನ್ನಿಂದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲೇ ಮಿತ್ ರಹೀನಾ ಅಂತ ಹಳ್ಳಿ ಇದೆ, ಮೆಂಫಿಸ್ ಇದ್ದದ್ದು ಅಲ್ಲೇ. ರಜೆ ಸಿಕ್ಕರೆ ಹೋಗಿ ಬಾ. ನೀನು ಕಂಡ, ಅಲ್ಲಿನ ಕ್ರೈಸ್ತರ ಕಾಪ್ಟಿಕ್ ಚರ್ಚು ಇದೆಯಲ್ಲ, ಆ "ಕಾಪ್ಟ್" ಕೂಡ ಇದೇ ಪದ. ಐಗುಪ್ತದಲ್ಲಿ ಮೊದಲ ಅಕ್ಷರ ಉದುರಿ, ಅರಬ್ಬಿಯ ಬಾಯಲ್ಲಿ ಕಿಬ್ತ್ ಆಗಿ ಉಳಿದದ್ದು.

ಹಾಗಾದರೆ ಹಳೇ ಕಾಲದಲ್ಲಿ ಅವರು ತಮ್ಮ ನಾಡನ್ನು ಏನಂತ ಕರೆದುಕೊಂಡರು ಗೊತ್ತಾ? ಕೆಮೆತ್. ಕಪ್ಪು ನೆಲ. ನೈಲ್ ನದಿ ವರ್ಷವರ್ಷ ತಂದು ಹಾಕುತ್ತಿದ್ದ ಕಪ್ಪು ಮೆಕ್ಕಲು ಮಣ್ಣು. ಆಚೆಯ ಮರಳುಗಾಡು ದೆಶ್ರೆತ್, ಕೆಂಪು ನೆಲ. ನಮ್ಮ ಕಡೆ ಎರೆ, ಮಸಾರಿ ಅನ್ನುತ್ತೇವಲ್ಲ, ಥೇಟ್ ಹಾಗೆ. ಮಣ್ಣು ನೋಡಿ ಹೆಸರಿಟ್ಟವರು ಅವರು. ಇದನ್ನು ಓದಿದ ದಿನ ನಿಮ್ಮ ಎರೆ ಹೊಲ ನೆನಪಾಗಿ ಸುಮ್ನೆ ಕೂತುಬಿಟ್ಟೆ.

ಆದರೆ ನಿದ್ದೆ ಕೆಡಿಸಿದ್ದು ಇದಲ್ಲ. ಜಿಪ್ಸಿ ಅನ್ನುವ ಪದವೂ ಈಜಿಪ್ಷಿಯನ್ ಅನ್ನೋದರ ಸವೆದ ರೂಪವಂತೆ. ಸುಮಾರು ಐನೂರು ವರ್ಷದ ಹಿಂದೆ ಇಂಗ್ಲೆಂಡಿಗೆ ಬಂದ ಅಲೆಮಾರಿಗಳನ್ನು ಅಲ್ಲಿಯವರು ಈಜಿಪ್ಟಿನವರು ಅಂದುಕೊಂಡರು. ಅವರು ರೋಮಾ ಜನ. ಸಾವಿರ ವರ್ಷದ ಹಿಂದೆ ನಮ್ಮ ದೇಶದ ಕಡೆಯಿಂದಲೇ ಹೊರಟವರು. ನೀರಿಗೆ ಪಾನಿ ಅನ್ನುತ್ತಾರೆ, ಮೂಗಿಗೆ ನಾಕ್, ಮನುಷ್ಯನಿಗೆ ಮನುಷ್. ಅವರ ಬೇರು ಭಾರತದಲ್ಲಿದೆ ಅಂತ ಪಂಡಿತರು ಕಂಡುಕೊಂಡಿದ್ದು 1780ರ ದಶಕದಲ್ಲಿ, ಈ ಮಾತುಗಳನ್ನು ಹಿಡಿದೇ. ಅಷ್ಟರೊಳಗೆ ಇಂಗ್ಲೆಂಡಿನಲ್ಲಿ ಏನೆಲ್ಲ ಆಗಿತ್ತು! 1530ರಲ್ಲಿ "ಈಜಿಪ್ಷಿಯನ್ನರು" ಹದಿನಾರು ದಿನದಲ್ಲಿ ದೇಶ ಬಿಡಬೇಕು ಅಂತ ಕಾನೂನು. 1554ರಲ್ಲಿ, ಹೋಗದೆ ಉಳಿದರೆ ಮರಣದಂಡನೆ. ಗಲ್ಲಿಗೂ ಹಾಕಿದರು. ಈಜಿಪ್ಟನ್ನು ಕಂಡೇ ಇಲ್ಲದ ಜನ, ಈಜಿಪ್ಟಿನವರು ಅನ್ನಿಸಿಕೊಂಡು ಸತ್ತರು. ಆಮೇಲೆ ಅದೇ ಇಂಗ್ಲಿಷರು ಇಲ್ಲಿಗೆ ಬಂದು, 1871ರಲ್ಲಿ ನಮ್ಮ ಅಲೆಮಾರಿಗಳನ್ನು ಹುಟ್ಟಿನಿಂದಲೇ ಕಳ್ಳರು ಅಂತ ಪಟ್ಟಿ ಮಾಡಿದರು.

ಇದನ್ನು ಓದುವಾಗ ನನಗೆ ನಾಲ್ಕನೇ ಇಯತ್ತೆಯ ಆ ಹುಡುಗ ನೆನಪಾದ. ಕೆರೆ ದಂಡೆಯ ಮೇಲೆ ಡೇರೆ ಹಾಕಿದ್ದರಲ್ಲ, ಅವರ ಪೈಕಿ. ಎರಡು ತಿಂಗಳು ಬಂದ ಅಷ್ಟೇ. ನನ್ನ ಚಪ್ಪಲಿಯ ಉಂಗುಟ ಕಿತ್ತಾಗ ತಂತಿ ಬಾಗಿಸಿ, ಚುಚ್ಚದ ಹಾಗೆ ತುದಿ ಒಳಗೆ ಮಡಚಿ ಕೂರಿಸಿಕೊಟ್ಟಿದ್ದ. ಮಳೆಗಾಲ ಪೂರ್ತಿ ಅದೇ ಚಪ್ಪಲಿ ಮೆಟ್ಟಿದೆ.

ನನ್ನ ಕಂಪಾಸ್ ಬಾಕ್ಸ್ ಕಳೆದಾಗ ಎದ್ದು ನಿಂತು ಯಾರು ತಗೊಂಡಿದ್ದು ಅಂತ ಹೇಳಿದೆ. ಅವನ ಹೆಸರು ಹೇಳಲಿಲ್ಲ. ಅವನ ಜಾತಿ ಹೇಳಿದೆ. ನಾವೆಲ್ಲ ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ಅವನ ಚೀಲವನ್ನು ನೆಲಕ್ಕೆ ಸುರಿದರು. ಒಂದು ಪಾಟಿ, ಅರ್ಧ ರೊಟ್ಟಿ, ಒಂದು ಸುರುಳಿ ತಂತಿ. ಮರುದಿನದಿಂದ ಅವನು ಬರಲಿಲ್ಲ.

ನಿನಗೆ ಹೇಳದೇ ಇದ್ದದ್ದು ಒಂದಿದೆ. ಬಾಕ್ಸ್ ನಮ್ಮ ಮನೆಯಲ್ಲೇ ಇತ್ತು, ಮಂಚದ ಕೆಳಗೆ. ಅದೇ ಸಂಜೆ ಸಿಕ್ಕಿತು. ಯಾರಿಗೂ ಹೇಳಲಿಲ್ಲ. ಅವ್ವನಿಗೂ ಹೇಳಲಿಲ್ಲ.

ಅವನ ಹೆಸರೇನೋ? ಎರಡು ವಾರದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ, ಬರುತ್ತಿಲ್ಲ. ಬಂದರೂ ಬರುವುದು ಆ ಜಾತಿ ಹೆಸರು ಮಾತ್ರ. ನೀನು ಅವನ ಪಕ್ಕದಲ್ಲೇ ಕೂರುತ್ತಿದ್ದೆ, ನಿನಗೆ ಗೊತ್ತಿರಬಹುದು. ಶಾಲೆಯವರು ಯಾರಾದರೂ ಓದುತ್ತಿದ್ದರೆ, ನಿಮಗೆ ನೆನಪಿದ್ದರೆ, ದಯವಿಟ್ಟು ಹೇಳಿ.

ಸರಿ, ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ. ಅಲ್ಲಿ ಬಿಸಿಲು ಜಾಸ್ತಿಯಂತೆ, ನೀರು ಕುಡಿ. ಅಜ್ಜಿಗೆ ಫೋನ್ ಮಾಡಿದಾಗ ನೀನು ಐಗುಪ್ತದಲ್ಲಿದ್ದೀಯ ಅಂತಲೇ ಹೇಳು, ಈಜಿಪ್ಟ್ ಅನ್ನಬೇಡ, ಅವರಿಗೆ ಖುಷಿಯಾಗುತ್ತದೆ. ಮತ್ತೆ, ಮೂರನೇ ಇಡ್ಲಿಯ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ, ಮರೀಬೇಡ. ಬಂದಾಗ ನೋಡಿಕೊಳ್ಳೋಣ.

ನಿನ್ನ,
ಬಾವಿಕಟ್ಟೆ