ಬಟನ್ ಒತ್ತುವುದನ್ನಷ್ಟೇ ಕಲಿಸಿದರೆ ಸಾಕೇ?

ಮಾನ್ಯರೆ,

ದೇವರಮನೆ ಬಾಗಿಲಿನ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರದ) ಕೆತ್ತನೆಗೆ ಜೀವವೇ ಇಲ್ಲ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅವರು ನೋಡಿದ ಬಾಗಿಲು ಹೇಗಿತ್ತು ಅಂತ ನಾನು ಊಹಿಸಬಲ್ಲೆ. ಗಣಪತಿಯ ಹೊಟ್ಟೆ ಮೇಲೆ ಬಾಚಣಿಗೆ ಎಳೆದಂಥ ಗೆರೆ, ಕಮಲದ ದಳದ ತುದಿ ಚಕ್ಕೆ ಎದ್ದಿರುತ್ತದೆ, ಅದಕ್ಕೆ ಮೇಲಿಷ್ಟು ಪುಟ್ಟಿ. ಬೇಜಾರಾಗದೆ ಇರುತ್ತದಾ? ಆದರೆ ಅದು ಯಂತ್ರದ ತಪ್ಪಲ್ಲ. ಯಾವ ಬಿಟ್ (ಯಂತ್ರದ ಕೊರೆಯುವ ಅಲಗು) ಮೊದಲು, ಯಾವುದು ಆಮೇಲೆ, ಮಧ್ಯೆ ಎಷ್ಟು ಮರ ಉಳಿಸಬೇಕು ಎಂದು ಯೋಚಿಸದೆ ಬಟನ್ ಒತ್ತಿದವರ ತಪ್ಪು. ಅವರಿಗೆ ಅಷ್ಟೇ ಕಲಿಸಿ ಕಳಿಸಿದವರದ್ದು ಇನ್ನೂ ಜಾಸ್ತಿ.

ನಾನು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಇನ್‌ಲೇ ಕೆಲಸ ಮಾಡುವವನು. ಅಪ್ಪ ಬೀಟೆ ಹಲಗೆಯಲ್ಲಿ ಉಳಿಯಿಂದ ಗುಳಿ ತೋಡಿ, ಹಲಸಿನ ಹಳದಿ ತುಂಡು ಕೂರಿಸುತ್ತಿದ್ದರು. ನಾನು ಆರು ವರ್ಷದ ಹಿಂದೆ ಸಾಲ ಮಾಡಿ ಚಿಕ್ಕದೊಂದು ರೌಟರ್, ಅಂದರೆ ಮರ ಕೆತ್ತುವ ಸಿಎನ್‌ಸಿ ಯಂತ್ರ ತಂದೆ. ಹತ್ತು ದಿನದ ತರಬೇತಿಗೂ ಹೋದೆ, ಎಲ್ಲಿ ಅಂತ ಬೇಡ ಬಿಡಿ. ಒಂಬತ್ತು ದಿನ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿದ್ದೇ ಬಿಡಿಸಿದ್ದು. ಹತ್ತನೇ ದಿನ ಥರ್ಮೋಕೋಲ್ ಮೇಲೆ ಒಂದು ಹೂವು ಕೊರೆದು ಸರ್ಟಿಫಿಕೇಟ್ ಕೊಟ್ಟರು.

ಅದರ ಬೆಲೆ ಮೊದಲ ತಿಂಗಳೇ ತೆತ್ತೆ. ಬೀಟೆಯಲ್ಲಿ ನವಿಲು. ರಫಿಂಗ್, ಅಂದರೆ ಮೊದಲ ದಪ್ಪ ಕೆತ್ತನೆ ಮುಗಿಸಿ ಬಿಟ್ ಬದಲಿಸಿದೆ. ಹೊಸ ಬಿಟ್ಟಿನ ಝೀರೋವನ್ನು (ಆಳದ ಲೆಕ್ಕ ಶುರುವಾಗುವ ಜಾಗ) ಹಲಗೆಯ ಮೇಲ್ಮೈಯಲ್ಲಿ ಹಿಡಿಯುವ ಬದಲು ಆಗಲೇ 4 ಮಿ.ಮೀ. ಕೆತ್ತಿದ್ದ ತಗ್ಗಿನಲ್ಲಿ ಹಿಡಿದೆ. ಬಿಟ್ ಇನ್ನೂ 4 ಮಿ.ಮೀ. ಕೆಳಗಿಳಿದು ನವಿಲಿನ ಕತ್ತನ್ನೇ ತಿಂದುಹಾಕಿತು. ಅಪ್ಪ ನೋಡಿದರು, ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಆಮೇಲೆ ಕಲಿತದ್ದೆಲ್ಲ ಅವರ ಉಳಿಗಳ ಪೆಟ್ಟಿಗೆ ನೋಡಿಯೇ. ಅವರು ದೊಡ್ಡ ಉಳಿಯಲ್ಲಿ ದಪ್ಪದಪ್ಪ ತೆಗೆದು, ಕೊನೆಯ ಪದರ ಬಿಟ್ಟು, ಸಣ್ಣ ಉಳಿಗೆ ಕೈ ಹಾಕುತ್ತಿದ್ದರು. ಯಂತ್ರಕ್ಕೂ ಅದೇ ಕ್ರಮ. 6 ಮಿ.ಮೀ. ಚಪ್ಪಟೆ ಬಿಟ್ಟಿನಲ್ಲಿ ಸಲಕ್ಕೆ 3 ಮಿ.ಮೀ. ಆಳದಂತೆ ರಫಿಂಗ್, ಎಲ್ಲ ಕಡೆ ಅರ್ಧ ಮಿ.ಮೀ. ಉಳಿಕೆ. ಆ ಉಳಿಕೆಯನ್ನು ಮಾತ್ರ 3 ಮಿ.ಮೀ. ಗುಂಡು ತುದಿಯ ಬಿಟ್ಟಿಗೆ ಕೊಡಬೇಕು. ರಫಿಂಗೇ ಇಲ್ಲದೆ ನೇರ ಫಿನಿಶಿಂಗ್, ಅಂದರೆ ಕೊನೆಯ ನಯಗೆಲಸ ಓಡಿಸುವವರಿದ್ದಾರೆ. ಸಣ್ಣ ಬಿಟ್ ಬಾಗುತ್ತದೆ, ಇಲ್ಲವೇ ಟಪ್ ಅಂತ ಮುರಿಯುತ್ತದೆ.

ಗಣಪತಿಯ ಹೊಟ್ಟೆಯ ಗೆರೆ ಬರುವುದು ಫಿನಿಶಿಂಗ್‌ನ ಒಂದು ಸಾಲಿಗೂ ಮುಂದಿನ ಸಾಲಿಗೂ ಇರುವ ಅಂತರದಿಂದ. ಅದಕ್ಕೆ ಸ್ಟೆಪ್‌ಓವರ್ ಅನ್ನುತ್ತೇವೆ. ಒಂದು ಅಡಿ, ಅಂದರೆ ಸುಮಾರು 300 ಮಿ.ಮೀ. ಚೌಕದ ಹಲಗೆ ಇಟ್ಟುಕೊಳ್ಳಿ. 0.3 ಮಿ.ಮೀ. ಅಂತರ ಇಟ್ಟರೆ ಸಾವಿರ ಸಾಲು, 300 ಮೀಟರ್ ಓಟ. ನಿಮಿಷಕ್ಕೆ 2 ಮೀಟರ್ ವೇಗದಲ್ಲಿ ಎರಡೂವರೆ ಗಂಟೆ. ಅಂತರ 0.6 ಮಾಡಿದರೆ ಅರ್ಧ ಸಮಯ ಉಳಿಯುತ್ತದೆ. ಆದರೆ ಸಾಲುಗಳ ನಡುವಿನ ದಿಬ್ಬ ದುಪ್ಪಟ್ಟಲ್ಲ, ನಾಲ್ಕು ಪಟ್ಟು ಎತ್ತರವಾಗುತ್ತದೆ! ಉಳಿಸಿದ ಹೊತ್ತೆಲ್ಲ ಉಪ್ಪುಕಾಗದ ಉಜ್ಜುವುದಕ್ಕೆ ಹೋಗುತ್ತದೆ, ಕೆತ್ತನೆಯ ಚೂಪೂ ಅದರ ಜೊತೆಗೇ ಹೋಗುತ್ತದೆ. ಸಾಲುಗಳು ಮರದ ಎಳೆಯ ಜೊತೆ ಓಡಿದರೆ ನಾರೂ ಕಡಿಮೆ ಏಳುತ್ತದೆ. ಇದನ್ನು ಹೇಳಿಕೊಡಲು ಒಂದು ಮಧ್ಯಾಹ್ನ ಸಾಕಲ್ವಾ?

ಇನ್‌ಲೇಗೆ ಲೆಕ್ಕ ಇನ್ನೂ ಬಿಗಿ. 3 ಮಿ.ಮೀ. ಬಿಟ್ ಕೊರೆದ ಗುಳಿಯ ಒಳಮೂಲೆ ಯಾವತ್ತೂ ಚೂಪಾಗುವುದಿಲ್ಲ, ಒಂದೂವರೆ ಮಿ.ಮೀ. ಗುಂಡಗಿರುತ್ತದೆ. ಕೂರಿಸುವ ತುಂಡಿನ ಹೊರಮೂಲೆ ಮಾತ್ರ ಚೂಪು. ಸುತ್ತಿಗೆಯಲ್ಲಿ ಬಡಿದರೆ ಹಲಗೆಯೇ ಸೀಳುತ್ತದೆ. ನಾನು ಎಲೆ, ಬಳ್ಳಿಗೆ 60 ಡಿಗ್ರಿ ವಿ-ಬಿಟ್ (V ಆಕಾರದ ಚೂಪು ತುದಿಯ ಬಿಟ್) ಬಳಸುತ್ತೇನೆ. ಗುಳಿ 5 ಮಿ.ಮೀ. ಆಳ. ತುಂಡನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ, 4 ಮಿ.ಮೀ. ಒಳಗೆ ಕೂರುವ ಹಾಗೆ ಕೊರೆಯುತ್ತೇನೆ. ತಳದಲ್ಲಿ ಉಳಿಯುವ 1 ಮಿ.ಮೀ. ಗೋಂದಿಗೆ. ಓರೆ ಗೋಡೆಗಳು ಒಂದನ್ನೊಂದು ಕಚ್ಚಿಕೊಂಡರೆ ಸಂದು ಕಾಣುವುದೇ ಇಲ್ಲ. ಆನೆಯ ಕಣ್ಣಿನಂಥ ಜಾಗಕ್ಕೆ ಇವತ್ತಿಗೂ ಅಪ್ಪನ ಉಳಿಯೇ ಬೇಕು, ಅದು ಬೇರೆ ಮಾತು.

ಸರ್ಕಾರದವರಿರಲಿ, ಖಾಸಗಿಯವರಿರಲಿ, ತರಬೇತಿ ನಡೆಸುವವರಲ್ಲಿ ಕೇಳುವುದಿಷ್ಟು. ಹತ್ತರಲ್ಲಿ ನಾಲ್ಕು ದಿನ ಟೂಲ್‌ಪಾತ್‌ಗೆ, ಅಂದರೆ ಬಿಟ್ ಓಡುವ ದಾರಿ ಯೋಚಿಸುವುದಕ್ಕೆ ಕೊಡಿ. ಥರ್ಮೋಕೋಲ್ ಬೇಡ, ಎಳೆ ಇರುವ ಚೂರುಪಾರು ಮರವನ್ನೇ ಕೊಡಿ. ಝೀರೋ ಹಿಡಿಯುವುದನ್ನು ಹತ್ತು ಸಲ ಮಾಡಿಸಿ. ಕತ್ತಿಲ್ಲದ ನನ್ನ ನವಿಲು ಇನ್ನೂ ಅಂಗಡಿಯ ಅಟ್ಟದ ಮೇಲಿದೆ. ಪಾಠಕ್ಕೆ ಬೇಕಾದರೆ ಬಂದು ತೆಗೆದುಕೊಂಡು ಹೋಗಲಿ.

– ಒಬ್ಬ ಇನ್‌ಲೇ ಕೆಲಸಗಾರ, ಮೈಸೂರು