ಸುಬ್ರಾಯನಿಗೆ, ಒಂದು ಪ್ರಶ್ನಾರ್ಥಕ ಚಿಹ್ನೆಯ ವಿಚಾರವಾಗಿ

ಕಾರವಾರ
ನವೆಂಬರ್ 18

ಪ್ರಿಯ ಸುಬ್ರಾಯ,

ದೊಡ್ಡಹಬ್ಬಕ್ಕೆ ಊರಿಗೆ ಬಂದೇ ಬರುತ್ತೇನೆ ಎಂದು ಹೇಳಿ ಕೈಕೊಟ್ಟವನು ನೀನು. ಆ ಸಿಟ್ಟಿಗೆ ನಿನ್ನ ಪತ್ರಕ್ಕೆ ತಿಂಗಳಾದರೂ ಉತ್ತರಿಸದೆ ಕುಳಿತವನು ನಾನು. ಅಲ್ಲಿಗೆ ಲೆಕ್ಕ ಚುಕ್ತಾ. ಈಗ ಬರೆಯಲೇಬೇಕಾದ ಸಂಗತಿ ನಡೆದಿದೆ, ಅದೂ ನಾನು ನಿನ್ನೆದುರು ತಲೆ ತಗ್ಗಿಸಬೇಕಾದ ಸಂಗತಿ. ನಾಲ್ಕು ಜನ ಓದುವ ಹಾಗೆಯೇ ಬರೆಯುತ್ತಿದ್ದೇನೆ. ಅಂದು ನಿನ್ನನ್ನು ಗೇಲಿ ಮಾಡಿದ್ದೂ ನಾಲ್ಕು ಜನರ ಎದುರೇ ಆಗಿತ್ತಲ್ಲ.

ಕಳೆದ ಗುರುವಾರ ಕಚೇರಿ ಮುಗಿಸಿಕೊಂಡು ಸದಾಶಿವಗಡದ ಗುಡ್ಡ ಹತ್ತಿದ್ದೆ. ಅದಕ್ಕೂ ಮುಂಚೆ ಎರಡು ದಿನ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಸುರಿದಿತ್ತು. ವಿಶಾಖಾ ಮಳೆಯ ಪಾಡು ನಿನಗೆ ಗೊತ್ತೇ ಇದೆ, ಗದ್ದೆಯಲ್ಲಿ ಕೊಯ್ದ ಭತ್ತ ಇದ್ದವರೂ ಅಂಗಳದಲ್ಲಿ ಅಡಿಕೆ ಹರವಿದವರೂ ಒಟ್ಟಿಗೆ ಬಯ್ಯುತ್ತಾರೆ. ಗೆದ್ದಲುಗಳಿಗೆ ಮಾತ್ರ ಅದು ಮದುವೆಯ ಮುಹೂರ್ತ. ಮಳೆ ಬಿಟ್ಟು ಸಂಜೆಯ ಬಿಸಿಲು ಬಿದ್ದದ್ದೇ ತಡ, ಗುಡ್ಡದ ಇಳಿಜಾರಿನ ಹುತ್ತಗಳಿಂದ ರೆಕ್ಕೆಹುಳುಗಳು ಹೊಗೆಯ ಹಾಗೆ ಏಳತೊಡಗಿದವು. ಕಾಜಾಣಗಳು ಬಂದವು, ಕಾಗೆಗಳು ಬಂದವು. ನಾನು ಹಾಳುಗೋಡೆಯ ಮೇಲೆ ಕುಳಿತು ಕಾಳಿ ನದಿ ಕಡಲು ಸೇರುವುದನ್ನು ನೋಡುತ್ತಿದ್ದೆ. ಮೀನುಡೇಗೆ ನೋಡಲು ನಾವು ಸೈಕಲ್ ನಿಲ್ಲಿಸುತ್ತಿದ್ದ ಹಳೆಯ ಸೇತುವೆ 2024ರ ಆಗಸ್ಟ್‌ನ ಒಂದು ರಾತ್ರಿ ಕುಸಿದುಬಿದ್ದ ಮೇಲೆ, ಹೊಳೆಯನ್ನು ನೋಡಬೇಕು ಅನ್ನಿಸಿದರೆ ಗುಡ್ಡಕ್ಕೇ ಹೋಗುವುದು ನನಗೆ ರೂಢಿಯಾಗಿದೆ.

ಆಗ ಬಡಗಣ ಕಡೆಯಿಂದ ಉದ್ದ ಚೂಪು ರೆಕ್ಕೆಯ ಹಕ್ಕಿಗಳು ಬಂದವು. ಬಾನಾಡಿಗಳು, ಅಂದರೆ ಸ್ವಿಫ್ಟ್ ಹಕ್ಕಿಗಳು ಇರಬೇಕು ಅಂದುಕೊಂಡೆ. ಆದರೆ ಬಾನಾಡಿ ಹಾಗೆ ಗಾಳಿಗೆ ಎದುರಾಗಿ ನಿಲ್ಲುವುದಿಲ್ಲ. ಇವು ನಿಂತವು, ಕಾಲು ಚಾಚಿದವು, ಹುಳು ಹಿಡಿದವು, ಹಾರುತ್ತಲೇ ಕಾಲನ್ನು ಕೊಕ್ಕಿನ ತನಕ ತಂದು ತಿಂದವು. ನಾನು ಮೇಲೆ ಕುಳಿತಿದ್ದರಿಂದ ಕೆಲವು ನನ್ನ ಕಣ್ಣಿನ ಮಟ್ಟದಲ್ಲೇ, ಒಂದೆರಡು ಅದಕ್ಕಿಂತ ಕೆಳಗೂ ಹಾರುತ್ತಿದ್ದವು. ಒಂದು ಗಂಡು ಹದಿನೈದು ಅಡಿ ದೂರದಲ್ಲಿ ಹಾದುಹೋಯಿತು. ಮೈ ಹಸಿ ಸ್ಲೇಟಿನ ಬಣ್ಣ, ರೆಕ್ಕೆಯ ಅಡಿಯಲ್ಲಿ ಮುಂಭಾಗ ಬೆಳ್ಳಗೆ, ತೊಡೆಗೆ ಇಟ್ಟಿಗೆ ಬಣ್ಣದ ಚಡ್ಡಿ ಹಾಕಿದ ಹಾಗೆ, ಕಾಲು ಮತ್ತು ಕಣ್ಣಿನ ಸುತ್ತಿನ ಬಳೆ ಕೆಂಪು. ಹುಳುವಿನ ಬಿಡಿ ರೆಕ್ಕೆಗಳು ನನ್ನ ಅಂಗಿಯ ತೋಳಿನ ಮೇಲೆ ಬಿದ್ದವು. ಹಕ್ಕಿಗಳನ್ನು ಮೂವತ್ತೆರಡರ ತನಕ ಎಣಿಸಿದೆ, ಆಮೇಲೆ ಲೆಕ್ಕ ತಪ್ಪಿತು.

ಅಮೂರ್ ಫಾಲ್ಕನ್, ಸುಬ್ರಾಯ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅಮೂರ್ ಚಾಣ, ಕಡಲು ದಾಟಿ ಆಫ್ರಿಕಾಕ್ಕೆ ವಲಸೆ ಹೋಗುವ ಪುಟ್ಟ ಬೇಟೆಹಕ್ಕಿ.

ಈಗ ನಮ್ಮ ನೀಲಿ ರಟ್ಟಿನ ನೋಟ್‌ಪುಸ್ತಕದ ವಿಚಾರಕ್ಕೆ ಬರುತ್ತೇನೆ. 2006ರ ನವೆಂಬರ್‌ನಲ್ಲಿ ಸೋಂದೆಯ ಹತ್ತಿರದ ಬೆಟ್ಟದಲ್ಲಿ ‘ಗುಂಪು ಚಾಣಗಳು, ಇಪ್ಪತ್ತಕ್ಕೂ ಹೆಚ್ಚು, ಏರೋಪ್ಲೇನ್ ಚಿಟ್ಟೆಗಳನ್ನು ಹಿಡಿಯುತ್ತಿದ್ದವು’ ಎಂದು ನೀನು ಬರೆದಿದ್ದೆ. ನಾನು ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಅಷ್ಟಕ್ಕೇ ಸುಮ್ಮನಿರಲಿಲ್ಲ. ಚಾಣ ಒಂಟಿ ಹಕ್ಕಿ, ಅದು ಬೆಳ್ಳಕ್ಕಿಯ ಹಾಗೆ ಮೆರವಣಿಗೆ ಹೊರಡುವುದಿಲ್ಲ ಎಂದು ಚಹಾ ಅಂಗಡಿಯಲ್ಲಿ ಎಲ್ಲರೂ ನಗುವಂತೆ ಹೇಳಿದೆ. ನೀನು ಒಂದು ಮಾತೂ ಆಡದೆ ಬೆಂಚಿನಿಂದ ಎದ್ದು ಹೋದೆ.

2012ರಲ್ಲಿ ನಾಗಾಲ್ಯಾಂಡಿನ ದೋಯಾಂಗ್ ಜಲಾಶಯದ ಬಳಿ ಈ ಹಕ್ಕಿಗಳನ್ನು ಸಾವಿರಗಟ್ಟಲೆ ಬಲೆ ಬೀಸಿ ಹಿಡಿಯುತ್ತಿದ್ದ ಸುದ್ದಿ ಬಂತು. ನೀನು ಆ ಪತ್ರಿಕೆಯ ತುಂಡನ್ನು ಲಕೋಟೆಗೆ ಹಾಕಿ ಕಳಿಸಿದೆ. ಜೊತೆಗೆ ಒಂದಕ್ಷರವೂ ಇರಲಿಲ್ಲ. ನನಗೆ ಅರ್ಥವಾಗಿತ್ತು, ಅರ್ಥವಾಗದವನ ಹಾಗೆ ಇದ್ದುಬಿಟ್ಟೆ. ಮರುವರ್ಷವೇ ಅಲ್ಲಿನ ಹಳ್ಳಿಗಳವರು ಬೇಟೆ ನಿಲ್ಲಿಸಿದ್ದು, ಮೂರು ಹಕ್ಕಿಗಳ ಬೆನ್ನಿಗೆ ಉಪಗ್ರಹದ ಟ್ಯಾಗ್ ಕಟ್ಟಿ ನಾಗಾ, ವೋಖಾ, ಪಾಂಗ್ಟಿ ಎಂದು ಹೆಸರಿಟ್ಟದ್ದು, ಅವು ಭಾರತವನ್ನು ಅಡ್ಡಹಾಯ್ದು ಅರಬ್ಬೀ ಸಮುದ್ರದ ಮೇಲೆ ಹೊರಟದ್ದು ಎಲ್ಲವನ್ನೂ ಓದಿದೆ. ಆಗಲಾದರೂ ಆ ಚಿಹ್ನೆಯನ್ನು ಹೊಡೆದುಹಾಕಬಹುದಿತ್ತು. ಹಾಕಲಿಲ್ಲ. ಮನುಷ್ಯನ ಹಟ ಎಷ್ಟು ಅಗ್ಗದ್ದು ನೋಡು.

ನೀನು ಬರೆದ ಏರೋಪ್ಲೇನ್ ಚಿಟ್ಟೆಯ, ಅಂದರೆ ಡ್ರ್ಯಾಗನ್‌ಫ್ಲೈಯ ಮಾತಂತೂ ನನಗೆ ಆಗ ಶುದ್ಧ ಕಟ್ಟುಕಥೆ ಅನ್ನಿಸಿತ್ತು. 2009ರಲ್ಲಿ ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ ಒಂದು ಲೇಖನ ಬರೆದ. ಸಿಹಿನೀರಿನ ಹೊಳೆಯೇ ಇಲ್ಲದ ಆ ದ್ವೀಪಗಳಿಗೆ ಪ್ರತಿ ಅಕ್ಟೋಬರ್‌ನಲ್ಲಿ ಈ ಏರೋಪ್ಲೇನ್ ಚಿಟ್ಟೆಗಳ ದಂಡು ಎಲ್ಲಿಂದ ಬರುತ್ತದೆ ಎಂಬುದು ಅವನ ತಲೆ ತಿಂದಿತ್ತು. ಅವು ನಮ್ಮ ಕಡೆಯಿಂದ ಗಾಳಿ ಹಿಡಿದು ಕಡಲು ದಾಟಿ ಆಫ್ರಿಕಾಕ್ಕೆ ಹೋಗುವ ಚಿಟ್ಟೆಗಳು ಎಂದು ಅವನು ವಾದಿಸಿದ. ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಅಮೂರ್ ಚಾಣಗಳೂ ಹೊರಡುತ್ತವೆ, ಬಹುಶಃ ಬುತ್ತಿ ಜೊತೆಯಲ್ಲೇ ಹಾರುತ್ತಿರುತ್ತದೆ ಎಂದೂ ಸೂಚಿಸಿದ. ಅದಕ್ಕೆ ಮೂರು ವರ್ಷ ಮೊದಲೇ ನೀನು ಸೋಂದೆಯ ಬೆಟ್ಟದಲ್ಲಿ ನಿಂತು ಪೆನ್ಸಿಲಿನಲ್ಲಿ ಎರಡನ್ನೂ ಒಂದೇ ಸಾಲಿಗೆ ಬರೆದಿದ್ದೆ.

ಗುರುವಾರ ಸೂರ್ಯ ಕಡಲಿಗೆ ಮುಟ್ಟುವ ಹೊತ್ತಿಗೆ ಗುಂಪು ಬೇಟೆ ಬಿಟ್ಟು ಸುತ್ತುತ್ತಾ ಮೇಲೇರಿತು. ಕೂರ್ಮಗಡ ದ್ವೀಪದ ದಿಕ್ಕಿಗೆ ತಿರುಗಿತು, ಆಮೇಲೆ ಚುಕ್ಕಿಗಳಾಯಿತು, ಆಮೇಲೆ ಇಲ್ಲ. ಅಲ್ಲಿಂದ ಸೊಮಾಲಿಯಾದ ಕರಾವಳಿ ನೇರಗೆರೆಯಲ್ಲಿ ಎರಡೂವರೆ ಸಾವಿರ ಕಿಲೋಮೀಟರ್ ಆದೀತು. ನಡುವೆ ಕಾಲೂರಲು ಒಂದು ಕೊಂಬೆಯೂ ಇಲ್ಲ. ಹಕ್ಕಿಯ ತೂಕ ಸುಮಾರು ನೂರೈವತ್ತು ಗ್ರಾಂ, ಕಾರವಾರದ ಪೇಟೆಯ ಒಂದು ಬಂಗಡೆಯಷ್ಟು. ನಿನಗೆ ಬಂಗಡೆಯ ತೂಕ ತಿಳಿಯದಿದ್ದರೆ ನಾಲ್ಕೈದು ಹಣ್ಣಡಿಕೆ ಅಂಗೈಯಲ್ಲಿಟ್ಟು ನೋಡು.

ನನ್ನ ಬಳಿ ಕ್ಯಾಮೆರಾ ಇರಲಿಲ್ಲ. ಮೊಬೈಲಿನಲ್ಲಿ ತೆಗೆದ ಎರಡು ಚಿತ್ರಗಳಲ್ಲಿ ಸೊಳ್ಳೆಯಂಥ ಮಚ್ಚೆಗಳಿವೆ. ಇಲ್ಲಿನ ಹಕ್ಕಿಗೆಳೆಯರಿಗೆ ಹೇಳಿದೆ. ಒಬ್ಬ ಚೆನ್ನಾಗಿ ನಕ್ಕ, ಚಾಣವಲ್ಲ, ಬಾನಾಡಿಯೇ ಇರಬೇಕು ಎಂದ. ಹತ್ತೊಂಬತ್ತು ವರ್ಷದ ಹಿಂದೆ ನೀನು ಕುಳಿತಿದ್ದ ಬೆಂಚಿನ ಮೇಲೆ ಈಗ ನನ್ನನ್ನು ಕೂರಿಸಿದ್ದಾರೆ.

ಉಳಿದ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಅಕ್ಟೋಬರ್ ಕೊನೆಯಲ್ಲಿ ಊರಿಗೆ ಹೋಗಿದ್ದಾಗ ರಾತ್ರಿ ಎಂಟರ ಸುಮಾರಿಗೆ ಅಡುಗೆಮನೆಯ ಕಿಟಕಿಗೆ ಏನೋ ದಢ್ ಎಂದು ಬಡಿಯಿತು. ಹೋಗಿ ನೋಡಿದರೆ ನವರಂಗ. ಈ ಹಕ್ಕಿ ವಲಸೆ ಬರುವುದು ರಾತ್ರಿ ಹೊತ್ತು. ಬಡಗಣ ನಾಡಿನಿಂದ ಹಾರಿ ಹಾರಿ ಸುಸ್ತಾಗಿ, ಕೊನೆಗೆ ಮನೆಯ ದೀಪಕ್ಕೆ ಮೋಸಹೋಗುತ್ತದೆ. ಮೋಟು ಬಾಲ, ಹೊಟ್ಟೆಯಡಿ ಕುಂಕುಮ ಮೆತ್ತಿದ ಹಾಗೆ ಕೆಂಪು, ರೆಪ್ಪೆ ಅರ್ಧ ಮುಚ್ಚಿತ್ತು. ನೀರು ಕುಡಿಸಲು ಹೋದ ನನಗೆ ಆಯಿ ಬೈದಳು. ಅದರ ಮೇಲೆ ಹೆಡಿಗೆ ಬೋರಲು ಹಾಕಿ, ದೀಪ ಆರಿಸಿ, ಯಾರೂ ಇಣುಕಬೇಡಿ ಎಂದು ಅಪ್ಪಣೆ ಕೊಟ್ಟಳು. ಬೆಳಿಗ್ಗೆ ಹೆಡಿಗೆ ಎತ್ತಿದಾಗ ಅದು ಒಂದು ಗಳಿಗೆ ನಮ್ಮನ್ನೇ ದಿಟ್ಟಿಸಿ ನೋಡಿ, ಕುಪ್ಪಳಿಸುತ್ತಾ ತೋಟದ ಬಾಳೆಬುಡಕ್ಕೆ ಇಳಿಯಿತು. ಈಗ ದಿನಾ ಸಂಜೆ ಅಲ್ಲಿಂದಲೇ ಎರಡು ದನಿಯ ಸಿಳ್ಳು ಕೇಳುತ್ತದಂತೆ. ಅಡಿಕೆ ಕೊನೆ ಕೊಯ್ಲಿಗೆ ಬಂದವರಿಗೆ ಆ ಮೂಲೆಗೆ ಆಮೇಲೆ ಹೋಗಿ ಎಂದು ಆಯಿ ತಾಕೀತು ಮಾಡಿದ್ದಾಳೆ. ಹಕ್ಕಿಯ ಹೆಸರು ಅವಳಿಗೆ ಗೊತ್ತಿಲ್ಲ, ‘ನಮ್ಮನೆ ನೆಂಟ’ ಅಂತಾಳೆ.

ಕಳೆದ ಶನಿವಾರ ದೇವಿಮನೆ ಘಟ್ಟ ಇಳಿದು ಬರುವಾಗ ಅಘನಾಶಿನಿ ಅಳಿವೆಯಲ್ಲಿ ಎರಡು ತಾಸು ಕಳೆದೆ. ಇಳಿತದ ಹೊತ್ತು. ಸೊಂಟದ ತನಕ ನೀರಿನಲ್ಲಿ ನಿಂತು ಹೆಂಗಸರು ಬೆಳಚು ಚಿಪ್ಪು ಹೆಕ್ಕುತ್ತಿದ್ದರು, ಅವರಿಂದ ಒಂದು ಕಲ್ಲೆಸೆತದ ದೂರದಲ್ಲಿ ಕರ್ಲ್ಯೂ ಹಕ್ಕಿಗಳು ಆ ಬಾಗಿದ ಕೊಕ್ಕನ್ನು ಕೆಸರಿಗೆ ಬುಡದ ತನಕ ಇಳಿಸಿ ಅದೇ ಕೆಲಸ ಮಾಡುತ್ತಿದ್ದವು. ಯಾರಿಗೂ ಯಾರ ಭಯವೂ ಇರಲಿಲ್ಲ. ಟೆರೆಕ್ ಗೊರವ ಒಂದೇ ಒಂದು ಸಿಕ್ಕಿತು. ಅದರ ಕೊಕ್ಕು ಮೇಲಕ್ಕೆ ಬಾಗಿರುತ್ತದೆ, ಬಸ್ ತಪ್ಪಿಸಿಕೊಂಡವನ ಹಾಗೆ ಓಡುತ್ತದೆ, ದೂರದಿಂದಲೇ ಗುರುತು ಸಿಗುತ್ತದೆ. 2024ರ ಜನವರಿ ಕೊನೆಗೆ ಈ ಅಳಿವೆಯ 4,801 ಹೆಕ್ಟೇರ್ ಜಾಗ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೆ ಸೇರಿತಲ್ಲ, ಅದಕ್ಕೆ ಇಲ್ಲಿ ಸಂಭ್ರಮಪಟ್ಟವರು ಕಡಿಮೆ. ನನಗಂತೂ ಶಿರಸಿಯ ಶಂಕರಹೊಂಡದಿಂದ ಹೊರಟ ನೀರು ಎಲ್ಲೂ ಅಣೆಕಟ್ಟಿಗೆ ಸಿಗದೆ ಕಡಲು ಮುಟ್ಟುತ್ತದೆ ಎಂಬುದೇ ಪಟ್ಟಿಗಿಂತ ದೊಡ್ಡದು. ಇಲ್ಲಿನ ಕಾಳಿಗೆ ಆ ಪುಣ್ಯವಿಲ್ಲ. ಸೂಪಾದಿಂದ ಕದ್ರಾದ ತನಕ ಅದನ್ನು ಕಟ್ಟಿ ಕಟ್ಟಿ ಬಿಟ್ಟಿದ್ದೇವೆ.

ಇನ್ನೊಂದು ವಿಚಾರ ಹೇಳದಿದ್ದರೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ. ಮಾಜಾಳಿಯ ತಿಳ್ಮಾತಿ ದಂಡೆಯ ಬಂಡೆಗಳ ಮೇಲೆ ಭರತದ ಹೊತ್ತಿನಲ್ಲಿ ಮರಳುಗೊರವಗಳು ಒತ್ತೊತ್ತಾಗಿ ನಿದ್ದೆ ಮಾಡುತ್ತಿದ್ದವು. ಅವುಗಳ ನಡುವೆ ಎರಡು ಆಯ್ಸ್ಟರ್‌ಕ್ಯಾಚರ್, ಕಪ್ಪು ಕೋಟು, ಬಿಳಿ ಪಂಚೆ, ಕ್ಯಾರೆಟ್ಟಿನಂಥ ಕೊಕ್ಕು. ಇಷ್ಟು ವರ್ಷದಲ್ಲಿ ಈ ದಂಡೆಯಲ್ಲಿ ನನಗೆ ಕಂಡದ್ದು ಇದು ಎರಡನೇ ಸಲ. ಸರಿಯಾಗಿ ನೋಡುವ ಮೊದಲೇ ಎಲ್ಲಿಂದಲೋ ಬಂದವನೊಬ್ಬ ಡ್ರೋನ್ ಹಾರಿಸಿದ. ಹಕ್ಕಿಗಳು ಎದ್ದದ್ದು ಅವನಿಗೆ ಬೇಕಾಗಿತ್ತು, ಚಿತ್ರ ಚೆನ್ನಾಗಿ ಬರುತ್ತದಂತೆ. ಇಳಿತದಲ್ಲಿ ಉಂಡು ಭರತದಲ್ಲಿ ಮಲಗುವ ಜೀವಗಳು ಇವು, ಊಟದ ಎಲೆ ಕಡಲು ಮುಚ್ಚಿರುವಾಗ ಎಬ್ಬಿಸಿದರೆ ಗಳಿಸಿದ ಕೊಬ್ಬನ್ನು ಸುಮ್ಮನೆ ಸುಡಬೇಕಾಗುತ್ತದೆ ಎಂದೆ. ‘ಮತ್ತೆ ಬಂದು ಕೂರುತ್ತವೆ ಬಿಡಿ’ ಎಂದ. ಮರಳುಗೊರವಗಳು ಬಂದು ಕೂತವು. ಆ ಎರಡು ಬರಲಿಲ್ಲ.

ಡಿಸೆಂಬರ್ ಎರಡನೇ ವಾರದಲ್ಲಿ ನಾಲ್ಕು ದಿನ ರಜೆ ಹಾಕು. ಚಾಣಗಳು ಅಷ್ಟು ಹೊತ್ತಿಗೆ ಆಫ್ರಿಕಾ ಸೇರಿರುತ್ತವೆ, ಅವುಗಳ ಆಸೆ ಬಿಡು. ಬೈತಖೋಲದ ಬಂದರಿನಲ್ಲಿ ಕಡಲಕ್ಕಿಗಳು ತುಂಬಿರುತ್ತವೆ. ಕಂದುತಲೆಯ ಕಡಲಕ್ಕಿಗೆ ಚಳಿಗಾಲದಲ್ಲಿ ಕಂದುತಲೆಯೇ ಇರುವುದಿಲ್ಲ ಎಂದು ಮೂರು ದಿನ ಜಗಳವಾಡಿದ್ದೆವಲ್ಲ, ಅದರಲ್ಲೂ ನೀನೇ ಸರಿಯಿದ್ದೆ. ಬರುವಾಗ ನಿನ್ನ ಆ ಭಾರದ ಬೈನಾಕ್ಯುಲರ್ ತಾ. ನನ್ನದರ ಎಡಗಣ್ಣಿಗೆ ಬೂಸ್ಟು ಹಿಡಿದಿದೆ. ನೀಲಿ ನೋಟ್‌ಪುಸ್ತಕ ನನ್ನ ಮೇಜಿನ ಮೇಲೆಯೇ ಇದೆ. ಆ ಕೆಂಪು ಚಿಹ್ನೆಯನ್ನು ನಾನೇ ಹೊಡೆದುಹಾಕಬಹುದಿತ್ತು, ಆದರೆ ನಾನು ಪೆನ್ನು ಹಿಡಿದು ಮಾಡಿದ ಅಧಿಕಪ್ರಸಂಗ ಸಾಕು ಅನ್ನಿಸಿತು. ನೀನೇ ಬಂದು ಮಾಡು.

ಇಂತಿ ನಿನ್ನ,
ಗಣಪ

ತಾ.ಕ.: ಇದನ್ನು ಬರೆದಿಟ್ಟು ನಿನ್ನೆ ಸಂಜೆ ಮತ್ತೆ ಗುಡ್ಡಕ್ಕೆ ಹೋಗಿದ್ದೆ, ಈ ಸಲ ಪಕ್ಕದ ಮನೆಯವರ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು. ಗರುಡ ಒಂದು, ಕಾಗೆ ಹನ್ನೊಂದು.