ಪಾಠದ ನಡುವೆ ತರಗತಿಯ ಬಾಗಿಲು ತಟ್ಟದಿರುವ ಬಗ್ಗೆ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಕಳೆದ ಮಂಗಳವಾರ ಒಂಬತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಾಯಿ, ಮಗಳು ಮರೆತು ಬಂದಿದ್ದ ಊಟದ ಡಬ್ಬಿ ಕೊಡಲು ಶಾಲೆಗೆ ಬಂದರು. ಎರಡನೇ ಅವಧಿ ನಡೆಯುತ್ತಿತ್ತು. ಗಂಟೆ ಹೊಡೆದ ಮೇಲೆ ಕೊಡಬಹುದೆಂದು ನಮ್ಮ ಅಟೆಂಡರ್ ಅವರನ್ನು ಗೇಟಿನ ಬಳಿಯೇ ನಿಲ್ಲಿಸಿದರು. ಅವರು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಬಿಸಿಲಿನಲ್ಲಿ ನಿಂತರು. ಅಂದು ಸಂಜೆ ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ನಡೆದ ಮಾತುಗಳನ್ನೆಲ್ಲ ಓದಿದ್ದೇನೆ. ಮರುದಿನ ಮೂವರು ನನ್ನ ಕೊಠಡಿಗೇ ಬಂದು ಮಾತನಾಡಿದರು. ಅಸಮಾಧಾನವನ್ನು ಎದುರು ಕುಳಿತು ಹೇಳಿದ್ದಕ್ಕೆ ಅವರಿಗೆ ಧನ್ಯವಾದ.

ಬಿಸಿಲಿನಲ್ಲಿ ನಿಲ್ಲಿಸಿದ್ದು ನಮ್ಮ ತಪ್ಪು. ಒಂದು ಕುರ್ಚಿ, ಒಂದು ಲೋಟ ನೀರು ಕೊಡುವಷ್ಟು ಸೌಜನ್ಯ ನಮ್ಮಲ್ಲಿರಬೇಕಿತ್ತು. ಆ ತಾಯಿಯವರ ಕ್ಷಮೆಯನ್ನು ಅಂದೇ ಕೇಳಿದ್ದೇನೆ, ಇಲ್ಲಿ ಎಲ್ಲರೆದುರು ಮತ್ತೊಮ್ಮೆ ಕೇಳುತ್ತೇನೆ. ಕೂಲಿ ಬಿಟ್ಟು, ಅಂಗಡಿ ಮುಚ್ಚಿ, ಗಂಟೆಗೊಂದು ಬಸ್ಸು ಹಿಡಿದು ಬರುವವರು ನಿಮ್ಮಲ್ಲಿದ್ದಾರೆ. ಅವರ ಇಪ್ಪತ್ತು ನಿಮಿಷಕ್ಕೆ ಬೆಲೆ ಇದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಅಟೆಂಡರ್ ಮಾಡಿದ್ದು ನಾನು ಹೇಳಿದ ಕೆಲಸವನ್ನು. ಆದ್ದರಿಂದ ಕೋಪ ನನ್ನ ಮೇಲಿರಲಿ, ಅವರ ಮೇಲೆ ಬೇಡ.

ಆದರೆ ನಿಯಮವನ್ನು ಹಿಂತೆಗೆದುಕೊಳ್ಳುತ್ತಿಲ್ಲ. ಅವಧಿ ನಡೆಯುತ್ತಿರುವಾಗ ತರಗತಿಯ ಬಾಗಿಲು ತಟ್ಟುವುದು, ಕಿಟಕಿಯ ಬಳಿ ನಿಂತು ಮಗುವನ್ನು ಕರೆಯುವುದು, ಧ್ವನಿವರ್ಧಕದಲ್ಲಿ ಹೆಸರು ಕೂಗಿಸುವುದು ಇನ್ನು ಮುಂದೆಯೂ ಇರುವುದಿಲ್ಲ. ಏಕೆ ಎಂಬುದನ್ನು ಜೂನ್ ತಿಂಗಳ ಸುತ್ತೋಲೆಯಲ್ಲಿ ಎರಡು ಸಾಲಿನಲ್ಲಿ ಮುಗಿಸಿದ್ದೆ. ಅದು ಸಾಲದಾಯಿತು.

ಆ ಸುತ್ತೋಲೆ ಹೊರಟ ಮೇಲೂ, ಜುಲೈ ತಿಂಗಳಲ್ಲಿ ಒಂದು ದಿನ ಎಂಟನೇ ತರಗತಿಯ ಗಣಿತದ ಅವಧಿಯಲ್ಲಿ ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ. ಬೀಜಗಣಿತದ ಅಪವರ್ತನ ನಡೆಯುತ್ತಿತ್ತು. ಗುಣಿಸಿದರೆ 12 ಬರಬೇಕು, ಕೂಡಿದರೆ 7 ಬರಬೇಕು, ಆ ಎರಡು ಸಂಖ್ಯೆಗಳು ಯಾವುವು ಎಂದು ಶಿಕ್ಷಕಿ ಕೇಳಿದರು. ನನ್ನ ಮುಂದೆ ಕುಳಿತಿದ್ದ ಹುಡುಗಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ 1, 12 ಎಂದು ಬರೆದಳು, ಹೊಡೆದು ಹಾಕಿದಳು. 2, 6 ಎಂದು ಬರೆದಳು. ಕೂಡಿದರೆ 8, ಅದೂ ಅಲ್ಲ ಎಂದು ತಲೆಯಾಡಿಸುತ್ತಿದ್ದಾಗ ಬಾಗಿಲು ತೆರೆಯಿತು. ‘ಟೀಚರ್, ಮೂರನೇ ಸಾಲಿನ ಹುಡುಗನಿಗೆ ಡಬ್ಬಿ ಬಂದಿದೆ.’ ಇಡೀ ತರಗತಿ ಬಾಗಿಲ ಕಡೆ ತಿರುಗಿತು. ಹುಡುಗ ಎದ್ದು ಹೋಗಿ ಡಬ್ಬಿ ಹಿಡಿದುಕೊಂಡು ಬಂದ. ಬಾಗಿಲು ಮುಚ್ಚಿತು. ಒಂದು ನಿಮಿಷವೂ ಆಗಿರಲಾರದು. ಹುಡುಗಿ ಪುಸ್ತಕದಲ್ಲಿದ್ದ 2, 6ನ್ನು ನೋಡಿದಳು, ಕಪ್ಪುಹಲಗೆಯನ್ನು ನೋಡಿದಳು, ಮತ್ತೆ 1, 12 ಎಂದು ಬರೆದಳು. ಅಷ್ಟರಲ್ಲಿ ಮುಂದಿನ ಬೆಂಚಿನವರು 3, 4 ಎಂದು ಉತ್ತರ ಹೇಳಿಬಿಟ್ಟಿದ್ದರು. ಅವಳು ಪೆನ್ಸಿಲ್ ಕೆಳಗಿಟ್ಟು ಉತ್ತರವನ್ನು ನಕಲು ಮಾಡಿಕೊಂಡಳು.

ಡಬ್ಬಿ ಅವಳದ್ದಾಗಿರಲಿಲ್ಲ.

ಆ ನಲವತ್ತು ನಿಮಿಷದಲ್ಲಿ ಬಾಗಿಲು ನಾಲ್ಕು ಬಾರಿ ತೆರೆಯಿತು. ಅದರಲ್ಲಿ ಒಂದು ಬಾರಿ ಬಂದದ್ದು, ಬೆಳಿಗ್ಗೆ ನಾನೇ ಸಹಿ ಮಾಡಿ ಕಳುಹಿಸಿದ್ದ ಸೂಚನೆ. ಪೋಷಕರನ್ನು ಮಾತ್ರ ದೂರುವ ಹಕ್ಕು ನನಗಿಲ್ಲ ಎಂದು ಅಂದೇ ಮನವರಿಕೆಯಾಯಿತು.

ಆ ಹುಡುಗಿ ಮಂದಬುದ್ಧಿಯವಳೇನಲ್ಲ. ಅವಳ ಮನಸ್ಸು ಆ ಕ್ಷಣದಲ್ಲಿ ಹಿಡಿದುಕೊಂಡಿದ್ದದ್ದು 12, 7, ತಾನು ಪರೀಕ್ಷಿಸುತ್ತಿದ್ದ ಜೋಡಿ ಮತ್ತು ಅದರ ಮೊತ್ತ. ಅಂದರೆ ನಾಲ್ಕು ಸಂಗತಿಗಳು. ದೊಡ್ಡವರ ಮನಸ್ಸೂ ಒಂದು ಹೊತ್ತಿಗೆ ಸುಮಾರು ನಾಲ್ಕು ಅಂಶಗಳನ್ನು ಮಾತ್ರ ಹೀಗೆ ಎತ್ತಿ ಹಿಡಿಯಬಲ್ಲದು ಎಂದು ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ವಾದಿಸಿದರು. ಮಕ್ಕಳ ಸಾಮರ್ಥ್ಯ ಇನ್ನೂ ಕಡಿಮೆ. ಬೊಗಸೆ ತುಂಬಿದ್ದಾಗ ಇನ್ನೊಂದನ್ನು ಹಾಕಿದರೆ ಮೊದಲಿದ್ದದ್ದು ಚೆಲ್ಲುತ್ತದೆ. ಚೆಲ್ಲಿದ್ದು ನಮಗೆ ಕಾಣುವುದಿಲ್ಲ, ಮಗುವಿಗೂ ತಿಳಿಯುವುದಿಲ್ಲ. ‘ಗಣಿತ ನನ್ನ ತಲೆಗೆ ಹತ್ತುವುದಿಲ್ಲ’ ಎಂದಷ್ಟೇ ಅದು ಅಂದುಕೊಳ್ಳುತ್ತದೆ. ಆ ಮಾತು ಒಮ್ಮೆ ಮನಸ್ಸಿನಲ್ಲಿ ಕುಳಿತರೆ ಅದನ್ನು ಎಬ್ಬಿಸಿ ಕಳುಹಿಸುವುದು ಎಷ್ಟು ಕಷ್ಟವೆಂಬುದನ್ನು ಇಪ್ಪತ್ತಾರು ವರ್ಷಗಳಿಂದ ನೋಡುತ್ತಿದ್ದೇನೆ.

ನಿಮ್ಮಲ್ಲಿ ಬಹಳ ಜನ ಹೇಳಿದ ಮಾತು ‘ಎರಡೇ ನಿಮಿಷದ ಕೆಲಸವಲ್ಲವೇ ಮೇಡಂ’ ಎಂಬುದು. ಆ ಎರಡು ನಿಮಿಷದ ಲೆಕ್ಕವನ್ನು ನೀವೇ ಮನೆಯಲ್ಲಿ ಹಾಕಿ ನೋಡಬಹುದು. ಒಂದರಿಂದ ಹತ್ತರವರೆಗೆ ಬೇಗ ಹೇಳಿ. ಆಮೇಲೆ ಕ ಖ ಗ ಘ ಙ, ಚ ಛ ಜ ಝ ಞ ಎಂದು ಹತ್ತು ಅಕ್ಷರ ಹೇಳಿ. ಎರಡಕ್ಕೂ ಕೆಲವೇ ಸೆಕೆಂಡು ಸಾಕು. ಈಗ ಎರಡನ್ನೂ ಬೆರೆಸಿ, ಒಂದು ಕ, ಎರಡು ಖ, ಮೂರು ಗ ಎಂದು ಹೇಳುತ್ತಾ ಹೋಗಿ. ಗೊತ್ತಿರುವ ಅಂಕಿಗಳೇ, ಗೊತ್ತಿರುವ ಅಕ್ಷರಗಳೇ, ಆದರೂ ನಾಲಿಗೆ ತಡವರಿಸುತ್ತದೆ. ನಮ್ಮ ಶಿಕ್ಷಕರ ಸಭೆಯಲ್ಲಿ ಇದನ್ನು ಮಾಡಿಸಿದಾಗ ಹೆಚ್ಚಿನವರು ಚ ವರ್ಗಕ್ಕೆ ಬರುವಷ್ಟರಲ್ಲಿ ನಿಂತುಬಿಟ್ಟರು. ಮನಸ್ಸು ಒಂದು ಕೆಲಸದಿಂದ ಇನ್ನೊಂದಕ್ಕೆ ದಾಟುವಾಗಲೆಲ್ಲ ಹೀಗೆ ಸುಂಕ ಕೊಡಬೇಕಾಗುತ್ತದೆ. 1995ರಲ್ಲಿ ಮನೋವಿಜ್ಞಾನಿಗಳಾದ ರಾಬರ್ಟ್ ರಾಜರ್ಸ್ ಮತ್ತು ಸ್ಟೀಫನ್ ಮಾನ್ಸೆಲ್ ಇದನ್ನು ಕೂಲಂಕಷವಾಗಿ ಅಳೆದರು. ಅಂಕಿ ಸಮವೋ ಬೆಸವೋ, ಅಕ್ಷರ ಸ್ವರವೋ ವ್ಯಂಜನವೋ ಎಂದು ಜನ ಹೇಳಬೇಕಿತ್ತು. ಕೆಲಸ ಯಾವಾಗ ಬದಲಾಗುತ್ತದೆ ಎಂಬುದು ಮೊದಲೇ ಗೊತ್ತಿದ್ದರೂ, ಸಿದ್ಧವಾಗಲು ಸಮಯ ಕೊಟ್ಟರೂ, ಬದಲಾದ ತಕ್ಷಣದ ಉತ್ತರ ನಿಧಾನವಾಗಿಯೇ ಬಂತು. ಇನ್ನು ಏಕಾಏಕಿ ಬಾಗಿಲು ತೆರೆದರೆ ಮಗು ಏನು ಸಿದ್ಧತೆ ಮಾಡಿಕೊಂಡೀತು?

ಇದೆಲ್ಲ ಪ್ರಯೋಗಾಲಯದ ಮಾತು, ಶಾಲೆಯಲ್ಲಿ ಅಷ್ಟೇನೂ ಆಗುವುದಿಲ್ಲ ಎಂದು ಒಬ್ಬರು ಬರೆದಿದ್ದರು. ನ್ಯೂಯಾರ್ಕ್ ನಗರದಲ್ಲಿ ಪಬ್ಲಿಕ್ ಸ್ಕೂಲ್ 98 ಎಂಬ ಶಾಲೆಯ ಒಂದು ಪಕ್ಕದಲ್ಲಿ, ಮೇಲ್ಸೇತುವೆಯ ಹಳಿಗಳ ಮೇಲೆ ರೈಲು ಓಡುತ್ತಿತ್ತು, ಸುಮಾರು ನಾಲ್ಕೂವರೆ ನಿಮಿಷಕ್ಕೊಂದು. ರೈಲು ಬಂದಾಗ ಶಿಕ್ಷಕರು ಪಾಠ ನಿಲ್ಲಿಸಬೇಕಿತ್ತು, ಹೋದ ಮೇಲೆ ಮುಂದುವರಿಸಬೇಕಿತ್ತು. ಆರ್ಲೈನ್ ಬ್ರಾನ್‌ಝಾಫ್ಟ್ ಎಂಬ ಮನೋವಿಜ್ಞಾನಿ ತಮ್ಮ ಸಹೋದ್ಯೋಗಿಯೊಡನೆ ಹಳಿಯ ಕಡೆಯ ಕೊಠಡಿಗಳ ಮಕ್ಕಳನ್ನೂ, ಆಚೆ ಬದಿಯ ನಿಶ್ಶಬ್ದ ಕೊಠಡಿಗಳ ಮಕ್ಕಳನ್ನೂ ಹೋಲಿಸಿ 1975ರಲ್ಲಿ ವರದಿ ಪ್ರಕಟಿಸಿದರು. ಒಂದೇ ಶಾಲೆ, ಒಂದೇ ಪಾಠ. ಆದರೂ ಆರನೇ ತರಗತಿಯ ಹೊತ್ತಿಗೆ ಹಳಿಯ ಕಡೆಯ ಮಕ್ಕಳು ಓದುವುದರಲ್ಲಿ ಸುಮಾರು ಒಂದು ವರ್ಷದಷ್ಟು ಹಿಂದೆ ಬಿದ್ದಿದ್ದರು. ಆಮೇಲೆ ಹಳಿಗಳ ಕೆಳಗೆ ರಬ್ಬರಿನ ಪದರ ಹಾಕಲಾಯಿತು, ಕೊಠಡಿಗಳ ಚಾವಣಿಗೆ ಸದ್ದು ಹೀರುವ ಹಲಗೆಗಳನ್ನು ಜೋಡಿಸಲಾಯಿತು. 1981ರಲ್ಲಿ ಬ್ರಾನ್‌ಝಾಫ್ಟ್ ಪ್ರಕಟಿಸಿದ ಮರುಅಧ್ಯಯನದಲ್ಲಿ ಎರಡೂ ಬದಿಯ ಮಕ್ಕಳ ನಡುವಿನ ಅಂತರ ಹೋಗಿತ್ತು.

ನಮ್ಮ ಶಾಲೆಯ ಪಕ್ಕದಲ್ಲಿ ರೈಲಿಲ್ಲ. ನಮ್ಮಲ್ಲಿರುವುದು ಬಾಗಿಲು. ರೈಲಿನ ಗದ್ದಲವೂ ಬಾಗಿಲಿನ ಸದ್ದೂ ಒಂದೇ ಎನ್ನುತ್ತಿಲ್ಲ. ಆದರೆ ಪಾಠ ನಿಂತು ನಿಂತು ಸಾಗಿದರೆ ಏನಾಗುತ್ತದೆ ಎಂಬುದನ್ನು ಆ ಮಕ್ಕಳು ತೋರಿಸಿಕೊಟ್ಟಿದ್ದಾರೆ.

ಇನ್ನೊಂದು ಆಕ್ಷೇಪ ನನ್ನನ್ನು ನಿಜವಾಗಿಯೂ ನೋಯಿಸಿತು. ‘ಮಕ್ಕಳಿಗೆ ಶಿಸ್ತು ಕಲಿಸಿದ್ದರೆ ಬಾಗಿಲು ತೆರೆದರೂ ತಲೆ ಎತ್ತುತ್ತಿರಲಿಲ್ಲ’ ಎಂದು. ದಯವಿಟ್ಟು ಈ ಭಾವನೆಯನ್ನು ಬಿಟ್ಟುಬಿಡಿ. ಗಮನದಲ್ಲಿ ನಮ್ಮ ಹಿಡಿತದಲ್ಲಿರುವ ಭಾಗ ಒಂದು, ಹೊರಗಿನದು ತಾನಾಗಿ ಸೆಳೆದುಕೊಳ್ಳುವ ಭಾಗ ಇನ್ನೊಂದು. ಮದುವೆ ಛತ್ರದಲ್ಲಿ ವಾಲಗ ಊದುತ್ತಿರುತ್ತದೆ, ನೂರು ಜನ ಮಾತನಾಡುತ್ತಿರುತ್ತಾರೆ, ನೀವು ನಿಮ್ಮ ಭಾವಮೈದುನನ ಮಾತನ್ನಷ್ಟೇ ಕೇಳಿಸಿಕೊಳ್ಳುತ್ತಿರುತ್ತೀರಿ. ಆಗ ಹಿಂದಿನಿಂದ ಯಾರೋ ನಿಮ್ಮ ಹೆಸರು ಹೇಳಿದರೆ ಕತ್ತು ತಾನಾಗಿ ತಿರುಗುತ್ತದೆ. 1953ರಲ್ಲಿ ಕಾಲಿನ್ ಚೆರ್ರಿ ಎಂಬ ಬ್ರಿಟಿಷ್ ವಿಜ್ಞಾನಿ ಜನರ ಎರಡು ಕಿವಿಗೆ ಎರಡು ಬೇರೆ ಮಾತುಗಳನ್ನು ಕೇಳಿಸಿ, ಒಂದನ್ನು ಗಟ್ಟಿಯಾಗಿ ಹೇಳುತ್ತಾ ಹೋಗಲು ಸೂಚಿಸಿದರು. ಇನ್ನೊಂದು ಕಿವಿಯಲ್ಲಿ ಇಂಗ್ಲಿಷ್ ಹೋಗಿ ಜರ್ಮನ್ ಬಂದರೂ ಅವರಿಗೆ ಗೊತ್ತಾಗಲಿಲ್ಲ. 1959ರಲ್ಲಿ ನೆವಿಲ್ ಮೋರೆ ಎಂಬ ಮನೋವಿಜ್ಞಾನಿ ಅದೇ ರೀತಿಯ ಪ್ರಯೋಗ ಮಾಡಿ, ಗಮನ ಕೊಡದ ಕಿವಿಯಲ್ಲಿ ಕೆಲವು ಪದಗಳನ್ನು ಮೂವತ್ತೈದು ಸಲ ಕೇಳಿಸಿದರೂ ಜನರಿಗೆ ಅವು ನೆನಪಿನಲ್ಲಿ ಉಳಿಯಲಿಲ್ಲವೆಂದು ಕಂಡರು. ಆದರೆ ಅದೇ ಕಿವಿಯಲ್ಲಿ ತಮ್ಮ ಹೆಸರು ಬಂದಾಗ ಸುಮಾರು ಮೂರರಲ್ಲೊಬ್ಬರಿಗೆ ಅದು ತಟ್ಟಿತು. ಅಷ್ಟು ಗಟ್ಟಿಯಾದ ಗೋಡೆಯನ್ನೂ ದಾಟಿ ಒಳಗೆ ಬರಬಲ್ಲದ್ದು ಸ್ವಂತ ಹೆಸರು. ಕಿಟಕಿಯಿಂದ ಕೇಳಿಬರುವುದು ಅದೇ ಹೆಸರು, ಅದೂ ಅಮ್ಮನ ದನಿಯಲ್ಲಿ, ಅಪ್ಪನ ದನಿಯಲ್ಲಿ. ತಿರುಗಿ ನೋಡಿದ ಮಗುವಿಗೆ ಶಿಸ್ತಿಲ್ಲ ಎಂದು ನಾನು ಎಂದೂ ಒಪ್ಪುವುದಿಲ್ಲ.

ಟಿವಿ ಹಾಕಿಕೊಂಡೇ ಓದಿ ಒಳ್ಳೆಯ ಅಂಕ ತರುವ ಮಗಳ ಬಗ್ಗೆ ಒಬ್ಬ ತಂದೆ ಹೇಳಿದರು. ಅಷ್ಟಾವಧಾನಿಗಳು ಎಂಟು ಜನರಿಗೆ ಒಟ್ಟಿಗೆ ಉತ್ತರ ಕೊಡುವುದಿಲ್ಲವೇ ಎಂದೂ ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಶತಾವಧಾನಿ ಆರ್. ಗಣೇಶ್ ಅವರ ಅವಧಾನವನ್ನು ನಾನೂ ಎದುರು ಕುಳಿತು ಕೇಳಿ ಬೆರಗಾಗಿದ್ದೇನೆ. ಅವಧಾನ ಎಂಬ ಮಾತಿನ ಅರ್ಥವೇ ಗಮನ. ಆದರೆ ಅಲ್ಲಿ ನಡೆಯುವುದನ್ನು ಸೂಕ್ಷ್ಮವಾಗಿ ನೋಡಿ. ಅವಧಾನಿ ಒಬ್ಬ ಪೃಚ್ಛಕರಿಗೆ, ಅಂದರೆ ಪ್ರಶ್ನೆ ಕೇಳುವವರಿಗೆ, ಪದ್ಯದ ಒಂದು ಪಾದ ಹೇಳುತ್ತಾರೆ, ಆಮೇಲೆ ಇನ್ನೊಬ್ಬರ ಕಡೆ ತಿರುಗುತ್ತಾರೆ. ಸರದಿಯಂತೆ ಸುತ್ತುಗಳು ನಡೆದು ಪದ್ಯಗಳು ತುಂಬುತ್ತವೆ. ಒಂದು ಕ್ಷಣಕ್ಕೆ ಒಂದೇ ಕೆಲಸ. ಉಳಿದವುಗಳನ್ನು ಕಾಪಾಡುವುದು ವರ್ಷಗಟ್ಟಲೆ ಸಾಧನೆಯಿಂದ ಬಂದ ಧಾರಣಶಕ್ತಿ. ಅಷ್ಟೇ ಅಲ್ಲ, ನಡುವೆ ಸಂಬಂಧವಿಲ್ಲದ ಮಾತೆತ್ತಿ ಏಕಾಗ್ರತೆ ಕೆಡಿಸಲೆಂದೇ ಅಪ್ರಸ್ತುತ ಪ್ರಸಂಗಕ್ಕೆ ಒಬ್ಬರನ್ನು ಕೂರಿಸಿರುತ್ತಾರೆ. ನಡುವೆ ಬಾಯಿ ಹಾಕುವುದು ಗಮನಕ್ಕೆ ಎಷ್ಟು ದೊಡ್ಡ ಪರೀಕ್ಷೆ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಹದಿಮೂರು ವರ್ಷದ ಮಗುವಿಗೆ ದಿನವೂ ಆ ಪರೀಕ್ಷೆ ಒಡ್ಡುವುದು ಬೇಡ ಎನ್ನುವುದಷ್ಟೇ ನನ್ನ ಮಾತು.

ನಮ್ಮ ಕಡೆಯಿಂದಲೂ ಬದಲಾವಣೆಗಳಾಗಿವೆ. ನನ್ನ ಸೂಚನೆಗಳು ಈಗ ಬೆಳಗಿನ ಪ್ರಾರ್ಥನೆಯಲ್ಲಿ ಅಥವಾ ಕೊನೆಯ ಗಂಟೆಯ ನಂತರ ಮಾತ್ರ. ಶಿಕ್ಷಕರ ಮೊಬೈಲ್‌ಗಳು ಶಿಕ್ಷಕರ ಕೊಠಡಿಯಲ್ಲೇ ಇರುತ್ತವೆ. ನಲವತ್ತು ನಿಮಿಷ ಒಂದೇ ಸಮನೆ ಉಪನ್ಯಾಸ ಮಾಡಬಾರದೆಂದು ಶಿಕ್ಷಕರಿಗೆ ಹೇಳಿದ್ದೇನೆ. ಏಕತಾನದ ಕೆಲಸದಲ್ಲಿ ಎಚ್ಚರ ಅರ್ಧ ಗಂಟೆಯೊಳಗೇ ಕುಸಿಯುತ್ತದೆ ಎಂಬುದನ್ನು ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲಿಯೇ ತೋರಿಸಿದ್ದರು. ಕಪ್ಪುಹಲಗೆಯ ಅಕ್ಕಪಕ್ಕದ ಚಾರ್ಟುಗಳನ್ನು ತೆಗೆದು ಹಿಂದಿನ ಗೋಡೆಗೆ ಹಾಕಿದ್ದು, ಪಾಠದ ನಡುವೆ ಗಮನ ಅತ್ತ ಹರಿಯದಿರಲೆಂದು. ಅವನ್ನು ಮಾಡಿದ ಮಕ್ಕಳ ಶ್ರಮಕ್ಕೆ ಅಗೌರವವಾಯಿತೆಂದು ದಯವಿಟ್ಟು ಭಾವಿಸಬೇಡಿ. ಸ್ಮಾರ್ಟ್ ವಾಚ್‌ಗಳನ್ನು ಮನೆಯಲ್ಲೇ ಬಿಡಿಸಿ. ಸಂದೇಶ ಬಂದ ಕಂಪನವನ್ನು ಮಗು ಮುಟ್ಟದೆ ಬಿಟ್ಟರೂ ಮನಸ್ಸು ಆಗಲೇ ಅತ್ತ ಹೋಗಿರುತ್ತದೆ.

ತುರ್ತು ಸಂದರ್ಭಕ್ಕೆ ಈ ನಿಯಮ ಇಲ್ಲ. ಇದನ್ನು ಮತ್ತೆ ಹೇಳುತ್ತೇನೆ, ಏಕೆಂದರೆ ಗುಂಪಿನಲ್ಲಿ ಹೆಚ್ಚು ಆತಂಕ ಕಂಡದ್ದು ಇದರ ಬಗ್ಗೆಯೇ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ, ಸಾವು ನೋವು, ಮಗುವಿಗೆ ಕೊಡಲೇಬೇಕಾದ ಔಷಧಿ ಎಂದಾದರೆ ನೇರವಾಗಿ ನನ್ನ ಬಳಿ ಬನ್ನಿ. ನಾನೇ ಎದ್ದು ಹೋಗಿ ಮಗುವನ್ನು ಕರೆತರುತ್ತೇನೆ. ಯಾವ ಗಂಟೆಗೂ ಕಾಯಿಸುವುದಿಲ್ಲ. ತುರ್ತು ಹೌದೋ ಅಲ್ಲವೋ ಎಂಬ ಅನುಮಾನವಿದ್ದರೂ ಬನ್ನಿ, ಕುಳಿತು ಮಾತನಾಡೋಣ. ಮರೆತ ಡಬ್ಬಿ, ಛತ್ರಿ, ಶುಲ್ಕದ ರಸೀದಿ, ‘ಸಂಜೆ ಅಜ್ಜಿಯ ಮನೆಗೆ ಹೋಗು’ ಎಂಬ ಸಂದೇಶ, ಇವು ಮಾತ್ರ ಗಂಟೆಯವರೆಗೆ ಕಾಯಬೇಕು. ಕಾಯಬೇಕಾದದ್ದು ವಸ್ತು ಮತ್ತು ಚೀಟಿ, ನೀವಲ್ಲ. ಅದಕ್ಕಾಗಿ ಕಚೇರಿಯ ಮುಂದಿನ ಜಗಲಿಯಲ್ಲಿ ತರಗತಿವಾರು ಖಾನೆಗಳಿರುವ ಕಪಾಟು ಇಡಿಸಿದ್ದೇವೆ. ಜೂನ್‌ನಲ್ಲೇ ಇದನ್ನು ಮಾಡಿದ್ದರೆ ಆ ತಾಯಿ ಬಿಸಿಲಿನಲ್ಲಿ ನಿಲ್ಲಬೇಕಾಗುತ್ತಿರಲಿಲ್ಲ. ಪ್ರತಿ ಅವಧಿಯ ಗಂಟೆಗೂ ಅಟೆಂಡರ್ ಅದನ್ನು ತೆರೆದು ನೋಡಿ ತಲುಪಿಸುತ್ತಾರೆ.

ನಿಮ್ಮಿಂದ ಬೇಕಾದದ್ದು ಇಷ್ಟೇ: ಡಬ್ಬಿಯ ಮೇಲೆ ಮಗುವಿನ ಹೆಸರು, ತರಗತಿ ಬರೆದು ಖಾನೆಯಲ್ಲಿಟ್ಟು ಹೋಗಿ.

ಈಗಲೂ ಒಪ್ಪಿಗೆಯಾಗದಿದ್ದರೆ ಮುಂದಿನ ಶನಿವಾರ ಎಂಟನೇ ತರಗತಿಯ ಮೊದಲ ಅವಧಿಗೆ ಬನ್ನಿ. ಕೊನೆಯ ಬೆಂಚಿನಲ್ಲಿ ನನ್ನ ಜೊತೆ ನಾಲ್ವರಿಗೆ ಜಾಗವಿದೆ. ಪಾಠ ಗಣಿತದ್ದೇ. ಗಂಟೆ ಹೊಡೆಯುವ ಐದು ನಿಮಿಷ ಮೊದಲೇ ಬಂದು ಕುಳಿತುಕೊಳ್ಳಬೇಕು. ಗಂಟೆಯಾದ ಮೇಲೆ ಬಾಗಿಲು ಹಾಕುತ್ತೇವೆ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ